ಆಲ್ಡರಾನ್: ಆಯುಧವಿಲ್ಲದ ಗ್ರಹದ ಅಂತ್ಯ



ಹಿಮಶಿಖರಗಳು, ಅವುಗಳ ನಡುವೆ ಅರಮನೆ, ಸಿರಿವಂತ ರಾಜಮನೆತನ. ಆಲ್ಡರಾನ್ ಎಂಬ ಕಾಲ್ಪನಿಕ ಗ್ರಹದ ಚಿತ್ರ ಇದು. ಆದರೆ 1977ರಲ್ಲಿ ತೆರೆಕಂಡ ಜಾರ್ಜ್ ಲೂಕಾಸ್ ಅವರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಇದಾವುದೂ ಕಾಣುವುದಿಲ್ಲ. ಪ್ರೇಕ್ಷಕರಿಗೆ ಕಾಣುವುದು ಬಾಹ್ಯಾಕಾಶದಲ್ಲಿ ತೇಲುವ ಗೋಳವೊಂದು, ಅದೂ ಸ್ವಲ್ಪ ಹೊತ್ತು. ಬಳಿಕ ಅದು ಸಿಡಿದು ಚೂರಾಗುತ್ತದೆ.

ತನ್ನದು ಶಾಂತಿಯ ನಾಡು, ಅಲ್ಲಿ ಆಯುಧಗಳೇ ಇಲ್ಲ ಎಂದು ರಾಜಕುಮಾರಿ ಲಿಯಾ ಅಂಗಲಾಚುತ್ತಾಳೆ. ಬಂಡುಕೋರರ ನೆಲೆಯೆಂದು ಬೇರೊಂದು ಗ್ರಹದ ಹೆಸರನ್ನೂ ಹೇಳುತ್ತಾಳೆ. ಆ ಗ್ರಹ ಬಹು ದೂರ, ಅಲ್ಲಿ 'ಡೆತ್ ಸ್ಟಾರ್' ಪ್ರಯೋಗಿಸಿದರೆ ಯಾರೂ ಬೆದರುವುದಿಲ್ಲ ಎಂಬುದು ಅಧಿಕಾರಿ ಟಾರ್ಕಿನ್‌ನ ಲೆಕ್ಕಾಚಾರ. ಅವನಿಗೆ ಬೇಕಿದ್ದುದು ಉತ್ತರವಷ್ಟೇ ಅಲ್ಲ, ಭಯ.

ಹಾಗಾದರೆ ಆಯುಧ ಹಿಡಿಯದಿದ್ದುದೇ ಆಲ್ಡರಾನಿನ ತಪ್ಪೆ? ಗ್ರಹವನ್ನೇ ಒಡೆಯುವ ಅಸ್ತ್ರದೆದುರು ಯಾವ ಸೇನೆ ತಾನೆ ಉಳಿದೀತು?

ಲಿಯಾಳಿಗೆ ಅಳಲೂ ಚಿತ್ರಕಥೆ ಬಿಡುವು ಕೊಡುವುದಿಲ್ಲ. ಗುರುವನ್ನು ಕಳೆದುಕೊಂಡ ಲ್ಯೂಕ್‌ನ ಹೆಗಲಿಗೆ ಹೊದಿಕೆ ಹೊದಿಸಿ ಸಂತೈಸುವವಳು, ಇಡೀ ಲೋಕವನ್ನೇ ಕಳೆದುಕೊಂಡ ಅವಳೇ!

ಆ ಗ್ರಹಕ್ಕೆ ಬೆಟ್ಟಗಳ ಮುಖ ದೊರೆತದ್ದು 28 ವರ್ಷಗಳ ನಂತರ. 2005ರ 'ರಿವೆಂಜ್ ಆಫ್ ದಿ ಸಿತ್' ಚಿತ್ರಕ್ಕಾಗಿ ಸ್ವಿಟ್ಜರ್‌ಲೆಂಡಿನ ಗ್ರಿಂಡೆಲ್‌ವಾಲ್ಡ್ ಬಳಿಯ ಆಲ್ಪ್ಸ್ ಪರ್ವತಗಳ ದೃಶ್ಯಗಳನ್ನು ಬಳಸಲಾಯಿತು. 2022ರ 'ಓಬಿ-ವಾನ್ ಕೆನೋಬಿ' ಸರಣಿಯಲ್ಲಿ ಬಾಲಕಿ ಲಿಯಾ ಅಲ್ಲಿನ ಕಾಡಿನಲ್ಲಿ ಓಡಾಡುತ್ತಾಳೆ.

ಇವನ್ನು ಕಂಡ ಮೇಲೆ 1977ರ ಚಿತ್ರಕ್ಕೆ ಮರಳುವವರಿಗೆ, ಸಿಡಿದ ಆ ಗೋಳದಲ್ಲಿ ಬೆಟ್ಟಗಳಿದ್ದವು, ಮಕ್ಕಳಿದ್ದರು ಎಂಬುದು ತಿಳಿದಿರುತ್ತದೆ.