ಹೊಗೆ ಊರಿಗೆ, ಲಾಭ ಪರವೂರಿಗೆ

(ಪರಿಸರ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ದೊಡ್ಡ ಯೋಜನೆಯೊಂದು ಊರಿನ ಬಾಗಿಲಿಗೆ ಬಂದಾಗ ಚರ್ಚೆಯು ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಗೆ ಸೀಮಿತವಾಗುತ್ತದೆ. ಎಷ್ಟು ಕಾಡು ಹೋಗುತ್ತದೆ? ಎಷ್ಟು ಮಂದಿಗೆ ಉದ್ಯೋಗ ಸಿಗುತ್ತದೆ? ಮೂರನೆಯ ಪ್ರಶ್ನೆಯೊಂದು ಬಹುಮಟ್ಟಿಗೆ ಯಾರ ಬಾಯಲ್ಲೂ ಬರುವುದಿಲ್ಲ. ಆ ಕಂಪನಿಗಾಗಿ ಸರ್ಕಾರ ಏನೇನನ್ನು ಬಿಟ್ಟುಕೊಟ್ಟಿದೆ, ಬಂದ ಲಾಭ ಯಾವ ಊರಿನ ಲೆಕ್ಕದಲ್ಲಿ ಜಮೆಯಾಗುತ್ತದೆ ಎಂಬುದೇ ಆ ಪ್ರಶ್ನೆ. ಆಫ್ರಿಕಾ ಖಂಡದ ಝಾಂಬಿಯಾ ದೇಶದ ತಾಮ್ರದ ಗಣಿಗಳ ಚರಿತ್ರೆಯು ಈ ಪ್ರಶ್ನೆಯ ಬೆಲೆಯನ್ನು ಸ್ಪಷ್ಟವಾಗಿ ತಿಳಿಸುತ್ತದೆ.

ಝಾಂಬಿಯಾ 1964ರಲ್ಲಿ ಸ್ವತಂತ್ರವಾಯಿತು. ಆ ದೇಶದ ಬೊಕ್ಕಸಕ್ಕೆ ತಾಮ್ರವೇ ಆಧಾರ. ಮುಂದೆ ಗಣಿಗಳು ರಾಷ್ಟ್ರೀಕರಣಗೊಂಡವು. 1970ರ ದಶಕದ ನಡುವಿನಿಂದ ತಾಮ್ರದ ಬೆಲೆ ಕುಸಿಯಿತು, ಸಾಲ ಬೆಳೆಯಿತು, ಸರ್ಕಾರಿ ಗಣಿಗಳು ನಷ್ಟದಲ್ಲಿ ಮುಳುಗಿದವು. ಸಾಲ ಕೊಟ್ಟ ಅಂತಾರಾಷ್ಟ್ರೀಯ ಸಂಸ್ಥೆಗಳ ಒತ್ತಡಕ್ಕೆ ಮಣಿದು 1997ರಿಂದ 2000ದ ಅವಧಿಯಲ್ಲಿ ಗಣಿಗಳನ್ನು ಭಾಗ ಭಾಗವಾಗಿ ಮಾರಲಾಯಿತು. ಮುಫುಲಿರಾ ಮತ್ತು ಕಿಟ್ವೆಯ ಗಣಿಗಳನ್ನೊಳಗೊಂಡ ಮೊಪಾನಿ ಕಂಪನಿಯ ಬಹುಪಾಲು ಒಡೆತನ 2000ದಲ್ಲಿ ಸ್ವಿಟ್ಜರ್ಲೆಂಡಿನ ಗ್ಲೆನ್‌ಕೋರ್ ಸಂಸ್ಥೆಗೆ ಸೇರಿತು. ಸರ್ಕಾರದ ಕಡೆಗೆ ಉಳಿದದ್ದು ನೂರಕ್ಕೆ 10ರಷ್ಟು ಪಾಲು ಮಾತ್ರ.

ಖರೀದಿದಾರರೊಂದಿಗೆ ಸರ್ಕಾರ 'ಅಭಿವೃದ್ಧಿ ಒಪ್ಪಂದ'ಗಳನ್ನು ಮಾಡಿಕೊಂಡಿತು. ಗಣಿ ಕಾಯಿದೆಯಲ್ಲಿ ರಾಯಲ್ಟಿಯ ದರ ಶೇಕಡಾ 3 ಇದ್ದರೂ ಒಪ್ಪಂದಗಳಲ್ಲಿ ಅದು ಶೇಕಡಾ 0.6ಕ್ಕೆ ಇಳಿಯಿತು. ಅಂದರೆ ನೂರು ರೂಪಾಯಿಯ ಅದಿರಿಗೆ ಅರುವತ್ತು ಪೈಸೆ. ಆದಾಯ ತೆರಿಗೆಯನ್ನೂ ಇಳಿಸಲಾಯಿತು. ಯಂತ್ರೋಪಕರಣಗಳ ಆಮದು ಸುಂಕ ಮಾಫಿಯಾಯಿತು. ಒಂದು ವರ್ಷದ ನಷ್ಟವನ್ನು ಮುಂದಿನ ಹಲವು ವರ್ಷಗಳ ಲಾಭದಲ್ಲಿ ಕಳೆದುಕೊಳ್ಳುವ ಅವಕಾಶ ದೊರೆಯಿತು. ಈ ಷರತ್ತುಗಳನ್ನು ಹದಿನೈದರಿಂದ ಇಪ್ಪತ್ತು ವರ್ಷ ಬದಲಿಸುವುದಿಲ್ಲವೆಂದು ಸರ್ಕಾರ ಮಾತು ಕೊಟ್ಟಿತು. ಮಾಲಿನ್ಯ ನಿಯಮಗಳ ಪಾಲನೆಗೂ ದೀರ್ಘ ಕಾಲಾವಕಾಶ ನೀಡಲಾಯಿತು. ತೆರಿಗೆಯ ರಿಯಾಯಿತಿ ಮತ್ತು ಹೊಗೆಯ ರಿಯಾಯಿತಿ ಒಂದೇ ಒಪ್ಪಂದದಲ್ಲಿ ಬಂದವು ಎಂಬುದನ್ನು ಪರಿಸರಾಸಕ್ತರು ಮರೆಯಬಾರದು.

ತಾಮ್ರಕ್ಕೆ ಬೆಲೆಯೇ ಇಲ್ಲದ ಕಾಲದಲ್ಲಿ ರಿಯಾಯಿತಿ ಕೊಡದಿದ್ದರೆ ಕೊಳ್ಳುವವರು ಯಾರು ಎಂಬ ವಾದವಿತ್ತು. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ 2002ರ ಸುಮಾರಿಗೆ ಟನ್ನಿಗೆ 1,600 ಡಾಲರ್ ಆಸುಪಾಸಿನಲ್ಲಿದ್ದ ತಾಮ್ರ 2006ರಲ್ಲಿ 8,000 ಡಾಲರ್ ದಾಟಿತು. ಬೆಲೆ ಐದು ಪಟ್ಟು ಏರಿದರೂ ರಾಯಲ್ಟಿ ಅರುವತ್ತು ಪೈಸೆಯಲ್ಲೇ ನಿಂತಿತು. 2008ರಲ್ಲಿ ಸರ್ಕಾರ ಒಪ್ಪಂದಗಳನ್ನು ರದ್ದುಮಾಡಿ ರಾಯಲ್ಟಿಯನ್ನು ಶೇಕಡಾ 3ಕ್ಕೆ ಏರಿಸಿತು, ಅತಿಲಾಭದ ಮೇಲೆ ವಿಶೇಷ ತೆರಿಗೆ ಹಾಕಿತು. ಅದೇ ವರ್ಷದ ಕೊನೆಗೆ ಬೆಲೆ ಕುಸಿದಾಗ ಕಂಪನಿಗಳ ಒತ್ತಡ ಹೆಚ್ಚಿತು; ವಿಶೇಷ ತೆರಿಗೆ 2009ರಲ್ಲಿ ಹಿಂದಕ್ಕೆ ಹೋಯಿತು.

ರಿಯಾಯಿತಿಯ ಮೇಲೆ ಇನ್ನೊಂದು ಉಪಾಯವೂ ಸೇರಿಕೊಳ್ಳುತ್ತದೆ. ಅದನ್ನು ಅಡಿಕೆಯ ಉದಾಹರಣೆಯಿಂದ ಅರಿಯಬಹುದು. ಒಬ್ಬ ಬೆಳೆಗಾರ ತನ್ನ ಅಡಿಕೆಯನ್ನು ಮಂಡಿಗೆ ಒಯ್ಯದೆ, ತೆರಿಗೆಯೇ ಇಲ್ಲದ ಪರವೂರಿನಲ್ಲಿ ತಾನೇ ತೆರೆದ ಇನ್ನೊಂದು ಅಂಗಡಿಗೆ ಅರ್ಧ ಬೆಲೆಗೆ ಮಾರಿದನೆನ್ನಿ. ಆ ಅಂಗಡಿ ಪೂರ್ತಿ ಬೆಲೆಗೆ ಮಾರುತ್ತದೆ. ಊರಿನ ಖಾತೆಪುಸ್ತಕದಲ್ಲಿ ನಷ್ಟ, ಪರವೂರಿನ ಪುಸ್ತಕದಲ್ಲಿ ಲಾಭ. ಹಣ ಮಾತ್ರ ಒಂದೇ ಕಿಸೆಯಲ್ಲಿ. ಬಹುರಾಷ್ಟ್ರೀಯ ಸಂಸ್ಥೆಗಳ ಶಾಖೆಗಳ ನಡುವೆ ನಡೆಯುವ ಇಂಥ ಬೆಲೆ ನಿಗದಿಯನ್ನು ತೆರಿಗೆ ಪರಿಭಾಷೆಯಲ್ಲಿ 'ವರ್ಗಾವಣೆ ಬೆಲೆ' ಎನ್ನುತ್ತಾರೆ. ಅದು ತಾನಾಗಿಯೇ ಅಪರಾಧವಲ್ಲ. ಹೊರಗಿನವರಿಗೆ ಕೊಡುವ ಬೆಲೆಗೂ ಒಳಗಿನವರಿಗೆ ಕೊಡುವ ಬೆಲೆಗೂ ವ್ಯತ್ಯಾಸವಿದ್ದಾಗ ದೇಶದ ಬೊಕ್ಕಸಕ್ಕೆ ಕನ್ನ ಬೀಳುತ್ತದೆ.

ಝಾಂಬಿಯಾದ ಕಂದಾಯ ಇಲಾಖೆಗಾಗಿ ಗ್ರ್ಯಾಂಟ್ ಥಾರ್ನ್‌ಟನ್ ಮತ್ತು ಎಕಾನ್ ಪೋಯಿರಿ ಸಂಸ್ಥೆಗಳು ಮೊಪಾನಿಯ ಲೆಕ್ಕವನ್ನು ಪರಿಶೀಲಿಸಿದ್ದವು. ಆ ವರದಿ 2011ರಲ್ಲಿ ಬಹಿರಂಗಗೊಂಡಿತು. ವೆಚ್ಚಗಳಲ್ಲಿ ವಿವರಣೆಯಿಲ್ಲದ ಏರಿಕೆ, ಗ್ಲೆನ್‌ಕೋರಿಗೆ ಮಾರಿದ ತಾಮ್ರದ ಬೆಲೆಯಲ್ಲಿ ಸಂಶಯ, ಇವು ಅದರಲ್ಲಿದ್ದ ಮುಖ್ಯ ಆಕ್ಷೇಪಗಳು. ಕಂಪನಿಯು ಅವನ್ನು ನಿರಾಕರಿಸಿತು. ಹೊಗೆ ತಗ್ಗಿಸುವ ಕಾಮಗಾರಿಗೆಂದು 2005ರಲ್ಲಿ 4.8 ಕೋಟಿ ಯೂರೋ ಸಾಲ ಕೊಟ್ಟಿದ್ದ ಯೂರೋಪಿನ ಹೂಡಿಕೆ ಬ್ಯಾಂಕು, ಗ್ಲೆನ್‌ಕೋರಿಗೆ ಹೊಸ ಸಾಲ ನೀಡುವುದಿಲ್ಲವೆಂದು 2011ರಲ್ಲಿ ಸಾರಿತು. 2020ರ ಮೇ ತಿಂಗಳಲ್ಲಿ ಝಾಂಬಿಯಾದ ಸರ್ವೋಚ್ಚ ನ್ಯಾಯಾಲಯವು 2006ರಿಂದ 2009ರ ಅವಧಿಯ ಮಾರಾಟ ಬೆಲೆಗಳ ವಿಷಯದಲ್ಲಿ ಕಂದಾಯ ಇಲಾಖೆಯ ವಾದವನ್ನೇ ಎತ್ತಿಹಿಡಿಯಿತು. ಸುಮಾರು 24 ಕೋಟಿ ಕ್ವಾಚಾ, ಅಂದರೆ 1.3 ಕೋಟಿ ಡಾಲರ್, ತೆರಿಗೆ ತೆರಬೇಕಾಯಿತು. ತೀರ್ಪು ಬರುವ ವೇಳೆಗೆ ಹತ್ತು ವರ್ಷಗಳು ಉರುಳಿಹೋಗಿದ್ದವು.

ಆ ವರ್ಷಗಳನ್ನು ಮುಫುಲಿರಾದ ಜನ ಹೇಗೆ ಕಳೆದರು? ತಾಮ್ರ ಕರಗಿಸುವ ಕುಲುಮೆಯ ಗಾಳಿಗೆ ಒಡ್ಡಿಕೊಂಡ ಕಾಂಕೊಯೊ ಎಂಬ ಬಡಾವಣೆಯಲ್ಲಿ ಗಂಧಕದ ಹೊಗೆಯಿಂದ ಮಣ್ಣು ಹುಳಿಯಾಯಿತು, ಮನೆಗಳ ತಗಡು ತುಕ್ಕು ಹಿಡಿಯಿತು, ಹಿತ್ತಿಲಿನ ತರಕಾರಿ ಏಳಲಿಲ್ಲ, ಮಕ್ಕಳಿಗೂ ಮುದುಕರಿಗೂ ಕೆಮ್ಮು ಬಿಡಲಿಲ್ಲ. 2008ರ ಜನವರಿಯಲ್ಲಿ ಗಣಿಯ ಆಮ್ಲ ಕುಡಿಯುವ ನೀರಿಗೆ ಸೇರಿ ನೂರಾರು ಜನ ಅಸ್ವಸ್ಥರಾದರು. ಗಂಧಕದ ಹೊಗೆಯನ್ನು ಹಿಡಿದಿಡುವ ವ್ಯವಸ್ಥೆ ಪೂರ್ಣಗೊಂಡದ್ದು 2014ರಲ್ಲಿ. ಆಸ್ಪತ್ರೆಗೆ, ನೀರಿನ ಕೊಳವೆಗೆ, ಮಾಲಿನ್ಯ ಅಳೆಯುವ ಅಧಿಕಾರಿಯ ಸಂಬಳಕ್ಕೆ ಹಣ ಬರಬೇಕಾದದ್ದು ತೆರಿಗೆಯಿಂದಲೇ. ತೆರಿಗೆ ತಪ್ಪಿದಾಗ ರೋಗವೂ ಉಳಿಯುತ್ತದೆ, ಮದ್ದೂ ಸಿಗುವುದಿಲ್ಲ.

ಇದೇ ಹಣ ಇನ್ನೊಂದು ನಾಡಿನ ಹಳ್ಳಿಗಳನ್ನು ತಲುಪಿದ ಬಗೆಯೂ ತಿಳಿಯತಕ್ಕದ್ದು. 2011ರಲ್ಲಿ ಗ್ಲೆನ್‌ಕೋರ್ ಷೇರುಪೇಟೆಗೆ ಬಂದಾಗ ಅದರ ಮುಖ್ಯಸ್ಥರು ಜ್ಯೂರಿಕ್ ಪ್ರಾಂತದ ರುಶ್ಲಿಕಾನ್ ಗ್ರಾಮದ ನಿವಾಸಿ. ಅವರ ತೆರಿಗೆಯ ಮೊತ್ತ ಎಷ್ಟು ದೊಡ್ಡದಾಗಿತ್ತೆಂದರೆ ಪ್ರಾಂತದ ಬೇರೆ ಹಳ್ಳಿಗಳಿಗೂ ಅದರ ಪಾಲು ಹಂಚಿಕೆಯಾಯಿತು. ಹೆಡಿಂಗೆನ್ ಎಂಬ ಪುಟ್ಟ ಗ್ರಾಮದ ಜನ ಮಾತ್ರ ಸುಮ್ಮನಿರಲಿಲ್ಲ. ಈ ಹಣ ಯಾರ ನೆಲದಿಂದ ಬಂತು ಎಂದು ಕೇಳಿದರು. 2013ರ ಸೆಪ್ಟೆಂಬರಿನಲ್ಲಿ ಮತ ಹಾಕಿ, ತಮಗೆ ಬಂದ ಪಾಲಿನಿಂದ 1,10,000 ಫ್ರಾಂಕ್‌ಗಳನ್ನು ಗಣಿಗಾರಿಕೆಯಿಂದ ನೊಂದ ದೇಶಗಳಲ್ಲಿ ದುಡಿಯುವ ಸಂಸ್ಥೆಗಳಿಗೆ ಕೊಡಲು ತೀರ್ಮಾನಿಸಿದರು. ಮೊತ್ತ ಚಿಕ್ಕದು, ಪ್ರಶ್ನೆ ದೊಡ್ಡದು. ಅದನ್ನು ಎತ್ತಿದ್ದು ಒಂದು ಗ್ರಾಮ.

ಈ ವ್ಯವಹಾರಕ್ಕೂ ಕರ್ನಾಟಕಕ್ಕೂ ನಂಟಿಲ್ಲದಿಲ್ಲ. ಝಾಂಬಿಯಾದ ಮತ್ತೊಂದು ದೊಡ್ಡ ಗಣಿ ಕಂಪನಿಯಾದ ಕೊಂಕೊಲಾವನ್ನು 2004ರಲ್ಲಿ ವೇದಾಂತ ಸಂಸ್ಥೆ ಕೊಂಡಿತು. ಅದನ್ನು 2.5 ಕೋಟಿ ಡಾಲರಿಗೆ ಪಡೆದುದನ್ನೂ ಅದು ವರ್ಷಕ್ಕೆ 50 ಕೋಟಿ ಡಾಲರಿಗೂ ಮಿಕ್ಕಿ ತರುತ್ತಿರುವುದನ್ನೂ ಸಂಸ್ಥೆಯ ಮುಖ್ಯಸ್ಥ ಅನಿಲ್ ಅಗರ್‌ವಾಲ್ 2014ರಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಹೆಮ್ಮೆಯಿಂದ ಹೇಳಿಕೊಂಡರು. ಆ ಮಾತು ಝಾಂಬಿಯಾವನ್ನು ಮುಟ್ಟಿದಾಗ ಜನ ಕೆರಳಿದರು. ಆ ಗಣಿಯಿಂದ ತಮ್ಮ ನೀರೂ ಹೊಲಗಳೂ ಕೆಟ್ಟವೆಂದು 1,826 ಗ್ರಾಮಸ್ಥರು ಹೂಡಿದ ದಾವೆಯನ್ನು ಇಂಗ್ಲೆಂಡಿನಲ್ಲೇ ವಿಚಾರಿಸಬಹುದೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. 2021ರಲ್ಲಿ ಆ ದಾವೆ, ಹೊಣೆಯನ್ನು ಒಪ್ಪಿಕೊಳ್ಳದೆಯೇ, ರಾಜಿಯಲ್ಲಿ ಮುಗಿಯಿತು.

ಬಳ್ಳಾರಿಯಲ್ಲೂ ಅಗ್ಗದ ರಾಯಲ್ಟಿಯ ಫಲವನ್ನು ನಾಡು ಕಂಡಿದೆ. ಕಬ್ಬಿಣದ ಅದಿರು ಟನ್ನಿಗೆ ಸಾವಿರಾರು ರೂಪಾಯಿಗೆ ರಫ್ತಾಗುತ್ತಿದ್ದಾಗ, 2009ರ ಆಗಸ್ಟ್‌ವರೆಗೆ, ರಾಜ್ಯಕ್ಕೆ ಸಲ್ಲುತ್ತಿದ್ದ ರಾಯಲ್ಟಿ ಟನ್ನಿಗೆ 30 ರೂಪಾಯಿಗೂ ಕಡಿಮೆ. ಅಕ್ರಮ ಗಣಿಗಾರಿಕೆಯಿಂದಾದ ನಷ್ಟವನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ವರದಿ 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು.

ಆದುದರಿಂದ ಮಲೆನಾಡಿನ ಯಾವ ಊರಿನಲ್ಲಿ ಯೋಜನೆಯೊಂದರ ಸಾರ್ವಜನಿಕ ಅಹವಾಲು ಸಭೆ ನಡೆದರೂ ಕಾಡು, ನೀರುಗಳ ಜೊತೆಗೆ ಇನ್ನೂ ಕೆಲವು ವಿಷಯಗಳನ್ನು ಕೇಳಬೇಕು. ಭೂಮಿ, ವಿದ್ಯುತ್ತು, ನೀರು, ಸುಂಕಗಳಲ್ಲಿ ಕೊಟ್ಟ ರಿಯಾಯಿತಿಯ ಒಟ್ಟು ಮೊತ್ತವೆಷ್ಟು? ಅದು ಎಷ್ಟು ವರ್ಷಕ್ಕೆ? ಸರಕನ್ನು ಕೊಳ್ಳುವವರು ಯಾರು, ಅವರೂ ಮಾರುವವರೂ ಒಂದೇ ಮನೆಯವರೇ? ಬೆಲೆ ಏರಿದಾಗ ಊರಿನ ಪಾಲೂ ಏರುತ್ತದೆಯೇ? 2005ರ ಮಾಹಿತಿ ಹಕ್ಕು ಕಾಯಿದೆಯಡಿ ಒಪ್ಪಂದದ ಪ್ರತಿಗೆ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ವಿದ್ಯಾರ್ಥಿಗಳು ಅರ್ಜಿ ಬರೆಯಲಿ, ಹಿರಿಯರು ಸಹಿ ಹಾಕಲಿ, ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಲಿ. ಒಪ್ಪಂದಕ್ಕೆ ಮೊಹರು ಬೀಳುವ ಮುನ್ನ ಕೇಳಿದ ಪ್ರಶ್ನೆಗೆ ಇರುವ ಬಲ, ಹತ್ತು ವರ್ಷದ ನಂತರ ಬರುವ ತೀರ್ಪಿಗೆ ಇರುವುದಿಲ್ಲ.