ಮರವಂತೆಯಲ್ಲಿ ಮೂರು ದಿನ

ಕೊಡಚಾದ್ರಿಯ ಕಡೆಯಿಂದ ಇಳಿದುಬರುವ ಸೌಪರ್ಣಿಕೆ ಮರವಂತೆಯಲ್ಲಿ ಕಡಲ ಮಗ್ಗುಲಿಗೇ ಬಂದು ನಿಲ್ಲುತ್ತದೆ. ನಡುವೆ ಹೆದ್ದಾರಿಯೊಂದೇ ಅಡ್ಡ. ಆ ದಾರಿಯಲ್ಲಿ ಪಯಣಿಸಿದವರು ಬಲ್ಲಿರಿ. ಆದರೂ ನದಿ ಅಲ್ಲಿ ಕಡಲನ್ನು ಕೂಡದು. ತೆಂಕಣಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯವರೆಗೆ ಹೋಗಿಯೇ ಕೂಡುವುದು.

ಕಳೆದ ಚಳಿಗಾಲದಲ್ಲಿ ಅಲ್ಲಿಯ ರೆಸಾರ್ಟೊಂದರಲ್ಲಿ ನಾವು ನಾಲ್ಕು ತಲೆಮಾರಿನವರು ಮೂರು ದಿನ ತಂಗಿದ್ದೆವು. ಮೊಮ್ಮಕ್ಕಳಿಬ್ಬರಿಗೆ ಮರಳೇ ಮನೆಯಾಯಿತು. ಕಟ್ಟಿದ ಗುಬ್ಬಿಗೂಡನ್ನು ತೆರೆ ಒಯ್ದಾಗ ಮೂರು ವರ್ಷದ ಹುಡುಗ ಅತ್ತ. ಆರರ ಹುಡುಗಿ ನಕ್ಕು ಮತ್ತೊಂದನ್ನು ಕಟ್ಟಿದಳು. ಎಂಬತ್ತೆಂಟರ ನನ್ನ ತಾಯಿ ಮಾತ್ರ ತೆಂಗಿನ ನೆರಳಿನ ಕುರ್ಚಿಯನ್ನು ಬಿಡಲಿಲ್ಲ. ಪರ್ವದಿನದಲ್ಲಲ್ಲದೆ ಸಮುದ್ರವನ್ನು ಮುಟ್ಟಬಾರದೆಂಬುದು ಅವರ ನೇಮ. ಅದಕ್ಕೆ ಧರ್ಮಶಾಸ್ತ್ರದ ಆಧಾರವುಂಟೆಂದು ನಾನು ಅಳಿಯನೆದುರು ಪಾಂಡಿತ್ಯವನ್ನೂ ಮೆರೆದೆ. ಮೇಷ್ಟರ ಚಟ ನಿವೃತ್ತಿಯಿಂದ ಹೋಗುವಂಥದಲ್ಲ.

ಎರಡನೆಯ ಸಂಜೆ ಹುಡುಗಿ ಕೇಳಿದಳು: "ಮುತ್ತಜ್ಜಿ, ಕಡಲಿಗೆ ನಿನ್ನ ಮೇಲೆ ಸಿಟ್ಟೇ?"

ತಾಯಿ ತುಸು ಹೊತ್ತು ಸುಮ್ಮನಿದ್ದು, "ಸಿಟ್ಟು ನನ್ನದು, ಮಗಾ" ಎಂದರು.

ಅವರಿಗೊಬ್ಬ ತಮ್ಮನಿದ್ದನಂತೆ. ಹೊಳೆಗಳಿಗೆ ಸೇತುವೆಯಿಲ್ಲದ ಕಾಲ. ಆಷಾಢದಲ್ಲಿ ಅದೇ ಅಳಿವೆಯನ್ನು ದಾಟುವಾಗ ದೋಣಿ ಮಗುಚಿತಂತೆ. ನನ್ನ ಅರವತ್ತೇಳು ವರ್ಷಗಳಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಶಾಸ್ತ್ರಾಧಾರ ಹುಡುಕಿದ ನಾನು ತಲೆ ತಗ್ಗಿಸಿದೆ.

ಹೊರಡುವ ಬೆಳಿಗ್ಗೆ ಹುಡುಗಿ ತನ್ನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಡಲ ನೀರನ್ನು ತಂದು ಕುರ್ಚಿಯ ಬಳಿಯಿಟ್ಟಳು. ಅಂದು ಯಾವ ಪರ್ವವೂ ಅಲ್ಲ. ತಾಯಿ ಬಾಗಿ ಅದರಲ್ಲಿ ಬೆರಳುಗಳನ್ನು ಅದ್ದಿದರು. ಕಾರಿನ ಚಾಲಕ ಎರಡು ಸಲ ಕರೆಯುವವರೆಗೂ ತೆಗೆಯಲಿಲ್ಲ.