ಕಲೆಗೆ ಧೈರ್ಯ ಎಲ್ಲಿಂದ ಬರುತ್ತದೆ?

(ಜಾತ್ರೋತ್ಸವದ ಪೂರ್ವಭಾವಿ ಸಭೆಯಲ್ಲಿ ಬಾಲಕಲಾವಿದರನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಜಾತ್ರೆಯ ಪೂರ್ವಭಾವಿ ಸಭೆಯೆಂದರೆ ಸಾಮಾನ್ಯವಾಗಿ ಚಪ್ಪರ, ಹೊರೆಕಾಣಿಕೆ, ಅನ್ನಸಂತರ್ಪಣೆ, ರಶೀದಿ ಪುಸ್ತಕ ಇವುಗಳ ಮಾತು. ಅಕ್ಕಿ ಎಷ್ಟು, ಬೆಲ್ಲ ಎಷ್ಟು, ತೆಂಗಿನಕಾಯಿ ಎಷ್ಟು ಎಂಬ ಲೆಕ್ಕವನ್ನು ಹಿರಿಯರು ಈಗಾಗಲೇ ಮುಗಿಸಿದ್ದಾರೆ. ಯಾರ ಪಟ್ಟಿಯಲ್ಲಿಯೂ ಬಾರದ ಲೆಕ್ಕವೊಂದು ಉಳಿದಿದೆ. ಭಜನಾ ಮಂದಿರದಲ್ಲಿ ವಾರಕ್ಕೊಮ್ಮೆ ನಡೆಯುವ ತಾಳಮದ್ದಳೆಯ ತರಗತಿಗೆ ಕಳೆದ ವರ್ಷ ಎರಡು ಸಾಲು ಚಾಪೆ ಹಾಸಬೇಕಾಗುತ್ತಿತ್ತು. ಈಗ ಒಂದೇ ಸಾಲು ಸಾಕಾಗುತ್ತದೆ, ಅದರಲ್ಲಿಯೂ ಜಾಗ ಉಳಿಯುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಳೆದ ನವರಾತ್ರಿಯ ಮಕ್ಕಳ ಕೂಟ ಕೇಳಿದವರಿಗೆ ನೆನಪಿರಬಹುದು. ಪ್ರಸಂಗ ವಾಲಿಮೋಕ್ಷ. ತಾರೆಯ ಅರ್ಥ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯದು. ಪದ ಆಯಿತು, ಅರ್ಥ ಶುರುವಾಯಿತು, ನಾಲ್ಕು ಮಾತು ಚೆನ್ನಾಗಿಯೇ ಬಂತು. ಸೋತು ಓಡಿದ ಸುಗ್ರೀವ ಇಷ್ಟು ಬೇಗ ಮರಳಿ ಬಂದು ಯುದ್ಧಕ್ಕೆ ಕರೆಯುತ್ತಾನೆಂದರೆ ಅವನ ಬೆನ್ನಿಗೆ ಯಾರೋ ಬಲವಾದವರು ಇದ್ದಾರೆ, ಎಂಬಲ್ಲಿಯವರೆಗೆ ಹೇಳಿದವಳಿಗೆ ಮುಂದಿನ ಮಾತು ಮರೆತುಹೋಯಿತು. ಭಾಗವತರು ಅನುಭವಸ್ಥರು. ಕೂಡಲೇ ಮುಂದಿನ ಪದ ಎತ್ತಿಕೊಂಡರು, ಪ್ರಸಂಗ ಸಾಗಿತು. ಆದರೆ ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಕ್ಕವರು ಕೆಟ್ಟವರೆಂದಲ್ಲ. ಚಾ ಹಿಡಿದುಕೊಂಡು ನಿಂತವರು, ಬೇರೆ ಏನೋ ತಮಾಷೆಗೆ ನಕ್ಕದ್ದೂ ಇರಬಹುದು. ಅದು ಅವಳ ಕಿವಿಗೆ ಬಿತ್ತು. ಮರುವಾರದಿಂದ ಅವಳು ಬರಲಿಲ್ಲ. ಅವಳ ಜೊತೆಯಲ್ಲಿ ತೋಟದ ದಾರಿಯಾಗಿ ಬರುತ್ತಿದ್ದ ನೆರೆಮನೆಯ ಇಬ್ಬರೂ ನಿಂತರು.

ಅನೇಕರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಆ ಅರ್ಥವನ್ನು ಗುರುಗಳು ಬರೆದುಕೊಟ್ಟು ಅವಳು ಬಾಯಿಪಾಠ ಮಾಡಿದ್ದಲ್ಲ. ತಾನೇ ಒಂದು ನೂರು ಪುಟದ ಪುಸ್ತಕದಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದದ್ದು. ಬಾಯಿಪಾಠ ಮಾಡಿದ್ದು ಮರೆತರೆ ನಾಚಿಕೆ ಅಷ್ಟಕ್ಕಷ್ಟೆ. ತಾನೇ ಹುಟ್ಟಿಸಿದ ಮಾತು ಕೈಬಿಟ್ಟಾಗ ಆಗುವ ನೋವು ಬೇರೆ. ಹಾಡು ಕಟ್ಟುವವನಿಗೆ, ಚಿತ್ರ ಬಿಡಿಸುವವನಿಗೆ, ಕಥೆ ಬರೆಯುವವನಿಗೆ, ಎಲ್ಲರಿಗೂ ಈ ನೋವು ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ತಾಳಮದ್ದಳೆ ಎಂಬುದು ಸುಲಭದ ಕಲೆಯೆಂದು ಯಾರೂ ತಿಳಿಯಬಾರದು. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಕುಳಿತಲ್ಲಿಂದಲೇ ಮಾತಿನಿಂದ ಕಿಷ್ಕಿಂಧೆಯನ್ನು ಕಟ್ಟಬೇಕು. ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎತ್ತುತ್ತಾನೆಂದು ಮೊದಲೇ ತಿಳಿಯದು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಹರಿಕಥೆಯಲ್ಲಿಯೂ ಕೈಯಾಡಿಸಿದವರು, ಅರ್ಥಗಾರಿಕೆಯಲ್ಲಿ ಮೇರು. ಅವರ ವಾಲಿ, ಅವರ ಮಾಗಧ ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು. ವಾಲಿ ಸಾಯುತ್ತಾನೆಂದು ಗೊತ್ತಿಲ್ಲದವರು ಸಭೆಯಲ್ಲಿ ಒಬ್ಬರೂ ಇರುತ್ತಿರಲಿಲ್ಲ, ಆದರೂ ಬಿದ್ದ ವಾಲಿ ಶ್ರೀರಾಮನನ್ನು ಇವತ್ತು ಏನು ಕೇಳುತ್ತಾನೆ ಎಂಬ ಕುತೂಹಲ. ಅಂಥ ಮಾತು ಆ ಹೊತ್ತಿಗೆ ಆಕಾಶದಿಂದ ಉದುರುವುದಲ್ಲ. ಓದಿದ ಪುರಾಣ, ಕೇಳಿದ ಕೂಟ, ಎದುರಾಳಿಯ ಮುಂದೆ ತಡವರಿಸಿದ ರಾತ್ರಿ ಇವೆಲ್ಲ ಹೊಟ್ಟೆಯೊಳಗೆ ಬೆಂದು ಬರುವುದು. ಈಗಿನ ಮಕ್ಕಳು ಮೊಬೈಲಿನಲ್ಲಿ ದೊಡ್ಡವರ ಅರ್ಥ ಕೇಳುತ್ತಾರೆ, ಕೇಳಿ ತಮ್ಮಿಂದ ಆಗದೆಂದು ಕೈಚೆಲ್ಲುತ್ತಾರೆ. ಐವತ್ತು ವರ್ಷ ದುಡಿದವರ ಒಂದು ರಾತ್ರಿಯ ಮಾತಿಗೆ ಒಂದು ವರ್ಷ ಕಲಿತವರ ಮಾತನ್ನು ತೂಗಿದರೆ ತಕ್ಕಡಿ ಹೇಗೆ ನಿಲ್ಲುತ್ತದೆ?

ಧೈರ್ಯ ಬಂದ ಮೇಲೆ ವೇದಿಕೆ ಏರುತ್ತೇನೆ ಎನ್ನುವವರಿದ್ದಾರೆ. ಗಿರಾಕಿ ಬಂದ ಮೇಲೆ ಬಾಗಿಲು ತೆಗೆಯುತ್ತೇನೆಂದು ಮನೆಯಲ್ಲಿ ಮಲಗಿದ ಅಂಗಡಿಯವನ ಹಾಗೆ ಇದು. ಬೆಳಿಗ್ಗೆ ಆರಕ್ಕೆ ಹಲಗೆ ತೆಗೆದು, ಗುಡಿಸಿ, ದೀಪ ಹಚ್ಚಿ ಕುಳಿತವನಿಗೂ ಕೆಲವು ದಿನ ಹತ್ತು ಗಂಟೆಯವರೆಗೆ ಬೋಣಿ ಆಗುವುದಿಲ್ಲ. ಮರುದಿನವೂ ಆರಕ್ಕೇ ತೆಗೆಯುತ್ತಾನೆ. ಧೈರ್ಯ ಮೊದಲು ಬಂದು ಕೆಲಸ ಆಮೇಲೆ ಬರುವುದಲ್ಲ. ಕೆಲಸ ನಡೆಯುತ್ತಿರುವಾಗ ಧೈರ್ಯ ಹಿಂದಿನಿಂದ ಮೆಲ್ಲಗೆ ಬಂದು ಸೇರಿಕೊಳ್ಳುತ್ತದೆ.

ಇದಕ್ಕೆ ದೃಷ್ಟಾಂತ ಬೇಕಾದರೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳ ಬಾಳನ್ನು ನೋಡಬೇಕು. 1883ರ ಮಾರ್ಚ್ 23ರಂದು ಹುಟ್ಟಿದವರು. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯವರ ಕಾರಣದಿಂದ ಪರೀಕ್ಷೆ ಪೂರ್ತಿ ಮಾಡದೆ ಊರಿಗೆ ಮರಳಬೇಕಾಯಿತು. ಬರೆದಿದ್ದ ಇಂಗ್ಲಿಷ್ ಪರೀಕ್ಷೆಗೆ ಚಿನ್ನದ ಪದಕ ಬಂತು, ಪದವಿ ಮಾತ್ರ ಬರಲಿಲ್ಲ. ಈಗಿನ ಕಾಲದಲ್ಲಿ ಹೀಗಾದರೆ ಮನೆಯವರೆಲ್ಲ ಸೇರಿ ಆ ಮಗುವಿಗೆ ಜೀವನವೇ ಮುಗಿಯಿತೆಂದು ಹೇಳಿಬಿಡುತ್ತಾರೆ. ಅವರಿಗೆ ಇಪ್ಪತ್ತಕ್ಕೂ ಮಿಕ್ಕಿ ಭಾಷೆಗಳ ಪರಿಚಯವಿತ್ತೆಂದು ಬಲ್ಲವರು ಬರೆದಿದ್ದಾರೆ.

ಆದರೆ ಇಲ್ಲಿ ಹೇಳಬೇಕಾದದ್ದು ಪಾಂಡಿತ್ಯದ ಮಾತಲ್ಲ, ಪ್ರಾಸದ ಮಾತು. ಹಿಂದಿನ ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಕಟ್ಟುನಿಟ್ಟು. ಮೊದಲ ಸಾಲು 'ಹರಿ' ಎಂದು ಶುರುವಾದರೆ ಮುಂದಿನವು 'ಗಿರಿ', 'ಪುರ', 'ಮರು' ಹೀಗೆಯೇ ಬರಬೇಕು. ಕೇಳಲು ಇಂಪು, ನೆನಪಿಡಲು ಸುಲಭ, ಒಪ್ಪಬೇಕಾದ್ದೇ. ಆದರೆ ಹೇಳಬೇಕಾದ ಮಾತೊಂದು, ಪ್ರಾಸಕ್ಕೆ ಸಿಗುವ ಮಾತು ಇನ್ನೊಂದು ಆದಾಗ ಕವಿ ಏನು ಮಾಡಬೇಕು? ಸಾವಿರ ವರ್ಷದಿಂದ ಕವಿಗಳು ಪ್ರಾಸವನ್ನೇ ಆರಿಸಿಕೊಂಡು ಬಂದಿದ್ದರು. 1911ರ ಹೊತ್ತಿಗೆ ಗೋವಿಂದ ಪೈಗಳು ಆ ಪ್ರಾಸವನ್ನು ಬಿಟ್ಟರು. ಆಗ ಅವರಿಗೆ ವಯಸ್ಸು ಇಪ್ಪತ್ತೆಂಟು. ದೊಡ್ಡ ಹೆಸರಿಲ್ಲ, ಕೈಯಲ್ಲಿ ಪದವಿ ಇಲ್ಲ, ಹಿಂದೆ ಆಸ್ಥಾನವಿಲ್ಲ. ಪ್ರಾಸವಿಲ್ಲದ್ದು ಪದ್ಯವೇ ಅಲ್ಲ ಎಂಬ ಆಕ್ಷೇಪ ಬಂತು. ಅವರು ಜಗಳಕ್ಕೆ ನಿಂತು ಬರೆಯುವುದನ್ನು ಬಿಡಲಿಲ್ಲ, ಹೆದರಿ ಹಳೆಯದಕ್ಕೆ ಮರಳಲೂ ಇಲ್ಲ. ಪ್ರಾಸ ಕಟ್ಟಲು ಬಾರದೆ ಬಿಟ್ಟವರಲ್ಲ ಎಂಬುದನ್ನು ಮಕ್ಕಳು ಗಮನಿಸಬೇಕು. ಬರುತ್ತಿದ್ದವರೇ ಬಿಟ್ಟದ್ದು. ಕಲಿಯದೆ ಬಿಡುವುದು ಸೋಮಾರಿತನ, ಕಲಿತು ಬಿಡುವುದು ಬೇರೆ.

ಈಗ ವರ್ಷದ ಲೆಕ್ಕ ಹಾಕಿ. ಅವರ 'ಗಿಳಿವಿಂಡು' ಕವನಸಂಗ್ರಹ ಹೊರಬಂದದ್ದು 1930ರಲ್ಲಿ. ಎಂದರೆ ಹತ್ತೊಂಬತ್ತು ವರ್ಷದ ಮೇಲೆ, ನಾಲ್ವತ್ತೇಳನೆಯ ವಯಸ್ಸಿನಲ್ಲಿ. ಅಡಿಕೆ ಸಸಿ ನೆಟ್ಟವನಿಗೆ ಐದಾರು ವರ್ಷದಲ್ಲಿ ಹಿಂಗಾರ ಕಾಣುತ್ತದೆ. ಇದು ಅದರ ಮೂರು ಪಾಲು. ಆಮೇಲೆ ಯೇಸುವಿನ ಕೊನೆಯ ದಿನವನ್ನು ಕುರಿತ 'ಗೊಲ್ಗೊಥಾ' ಬಂತು, ಬುದ್ಧನ ಕೊನೆಯ ದಿನವನ್ನು ಕುರಿತ 'ವೈಶಾಖಿ' 1946ರಲ್ಲಿ. ವೈಶಾಖಿ ಬಂದಾಗ ಅರುವತ್ತಮೂರು. ಪಕ್ಕದ ಮನೆಯವನು ನಿವೃತ್ತನಾಗಿ ಜಗಲಿಯಲ್ಲಿ ಕೂರುವ ವಯಸ್ಸು ಅದು. ಆಗಿನ ಮದರಾಸು ಸರಕಾರ 1949ರಲ್ಲಿ ರಾಷ್ಟ್ರಕವಿಯೆಂದು ಗೌರವಿಸಿತು. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹಾರ, ಶಾಲು ಎಲ್ಲ ಬಂತು. ಆದರೆ ಅವು ಬರುವ ಮೊದಲಿನ ವರ್ಷಗಳಲ್ಲಿ ಮಂಜೇಶ್ವರದ ಆ ಮನೆಯಲ್ಲಿ ಅವರನ್ನು ಎಬ್ಬಿಸಿ ಮೇಜಿನ ಮುಂದೆ ಕೂರಿಸಿದ್ದು ಶಾಲಿನ ಆಸೆಯಲ್ಲವೆಂಬುದು ಸ್ಪಷ್ಟ. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಅಲ್ಲಿ ಈಗ 'ಗಿಳಿವಿಂಡು' ಎಂಬ ಹೆಸರಿನಲ್ಲಿಯೇ ಸ್ಮಾರಕವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ರೈಲಿನ ಟಿಕೇಟಿಗೆ ದೊಡ್ಡ ಮೊತ್ತವೇನೂ ಬೇಡ.

ಈ ಗಡಿನಾಡಿನಲ್ಲಿ ಮಕ್ಕಳ ಬಾಯಲ್ಲಿ ಇನ್ನೊಂದು ಮಾತು ಕೇಳುತ್ತದೆ. ಕನ್ನಡದಲ್ಲಿ ಬರೆದರೆ ಇಲ್ಲಿ ಓದುವವರು ಯಾರು? ಪ್ರಶ್ನೆ ಸುಳ್ಳಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಈ ಪ್ರಶ್ನೆ ಮನೆಮನೆಯಲ್ಲಿ ಇದೆ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೋರಾಡಿದರು. ಅದು ಕೈಗೂಡಲಿಲ್ಲ. ಹಾಗೆಂದು ಲೇಖನಿ ಕೆಳಗಿಟ್ಟರೆ? ಹನ್ನೆರಡನೆಯ ವಯಸ್ಸಿನಲ್ಲಿ 'ಸುಶೀಲಾ' ಎಂಬ ಕೈಬರಹದ ಪತ್ರಿಕೆ ತಂದ ಹುಡುಗ ಅವರು. ಅಚ್ಚು ಇಲ್ಲ, ಚಂದಾದಾರರಿಲ್ಲ, ಕೈಯಲ್ಲಿ ಬರೆದದ್ದು. ಆಮೇಲೆ ಶಾಲೆಯಲ್ಲಿ ಪಾಠ, ತೋಟದಲ್ಲಿ ಬೇಸಾಯ, ನಡುವೆ ಕವಿತೆ. ಆತ್ಮಕಥೆಗೆ ಇಟ್ಟ ಹೆಸರು 'ದುಡಿತವೇ ನನ್ನ ದೇವರು'. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಎಂಬತ್ತೆರಡು ದಾಟಲಿತ್ತು ಅಥವಾ ದಾಟಿತ್ತು, ಅದಿರಲಿ. 2015ರ ಜೂನಿನಲ್ಲಿ ನೂರು ತುಂಬಿಸಿ ಆಗಸ್ಟಿನಲ್ಲಿ ಹೋದರು. ಓದುವವರ ತಲೆ ಎಣಿಸಿ ಬರೆಯುತ್ತಿದ್ದರೆ ಆ ಹುಡುಗನ ಸುಶೀಲಾ ಮೊದಲ ಸಂಚಿಕೆಗೇ ನಿಲ್ಲುತ್ತಿತ್ತು.

ಇನ್ನು ನಮ್ಮ ಕುಂಬಳೆ ಸೀಮೆಯ ಪಾರ್ತಿಸುಬ್ಬ. ರಾಮಾಯಣದ ಯಕ್ಷಗಾನ ಪ್ರಸಂಗಗಳು ಅವನವೇ ಹೌದೇ ಅಲ್ಲವೇ ಎಂದು ವಿದ್ವಾಂಸರು ವಾದಿಸಿ ಗ್ರಂಥವನ್ನೇ ಬರೆದಿದ್ದಾರೆ. ಆ ವಾದ ಅವರಿಗಿರಲಿ. ಹೆಸರು ಯಾರದೆಂದು ತೀರ್ಮಾನವಾಗುವ ಮೊದಲೇ ಪದಗಳು ಊರೂರಿನ ದೇವಸ್ಥಾನದ ಅಂಗಳದಲ್ಲಿ ಬೆಳಗಿನವರೆಗೆ ಕೇಳಿಬರುತ್ತಲೇ ಇದ್ದವು.

ಮಕ್ಕಳಿಗೆ ಕೆಲವು ವ್ಯವಹಾರದ ಮಾತು. ಕೂಟ ಮುಗಿದ ರಾತ್ರಿಯೇ ಹೇಗಾಯಿತೆಂದು ತೀರ್ಪು ಮಾಡಿಕೊಳ್ಳಬೇಡಿ. ದಣಿದ ದೇಹಕ್ಕೆ ಎಲ್ಲವೂ ಸೋಲಾಗಿ ಕಾಣುತ್ತದೆ. ಅಂಗಡಿಯ ಲೆಕ್ಕವನ್ನು ಕೂಡ ಅರೆನಿದ್ದೆಯಲ್ಲಿ ಕೂಡಿಸಿದರೆ ತಪ್ಪುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅದೇ ಹೊತ್ತಿಗೆ, ಮನಸ್ಸಿದ್ದರೂ ಇಲ್ಲದಿದ್ದರೂ. ದೇವರ ನಂದಾದೀಪಕ್ಕೆ ಎಣ್ಣೆ ಹಾಕುವವರು ಇವತ್ತು ಉತ್ಸಾಹವಿಲ್ಲವೆಂದು ಬಿಡುತ್ತಾರೆಯೇ? ಬರೆದದ್ದನ್ನು ಹತ್ತು ಮಂದಿಗೆ ತೋರಿಸಬೇಡಿ, ಇಬ್ಬರಿಗೆ ತೋರಿಸಿ. ಒಬ್ಬರು ಪ್ರೀತಿಯವರು, ಒಬ್ಬರು ತಿಳಿದವರು. ಮಾತು ಮರೆತರೆ ಹಿಂದಿನ ವಾಕ್ಯವನ್ನೇ ಇನ್ನೊಂದು ರೀತಿಯಲ್ಲಿ ನಿಧಾನವಾಗಿ ಹೇಳಿ, ಅಷ್ಟರಲ್ಲಿ ಮುಂದಿನದು ಹೊಳೆಯುತ್ತದೆ. ದೊಡ್ಡ ಅರ್ಥಧಾರಿಗಳೂ ಇದನ್ನು ಮಾಡುತ್ತಾರೆ, ಕೇಳುವವರಿಗೆ ಅದೇ ಒಂದು ಅಲಂಕಾರವಾಗಿ ಕಾಣುತ್ತದೆ.

ತಂದೆತಾಯಿಗಳಿಗೂ ಒಂದು ಮಾತಿದೆ, ಬೇಸರ ಪಡಬಾರದು. ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಕನ್ನಡ ಭಾಷಣಕ್ಕೂ ಸ್ಥಾನವಿರುವುದು ದೊಡ್ಡ ಉಪಕಾರ. ಆದರೆ ಎ ಗ್ರೇಡ್ ಬಂದರೆ ಗ್ರೇಸ್ ಮಾರ್ಕು, ಬಿ ಗ್ರೇಡ್ ಬಂದರೆ ಅಪೀಲು, ಅದೂ ಹೋದರೆ ಗೆಜ್ಜೆ ಅಟ್ಟಕ್ಕೆ ಎಂಬಂತಾಗಿದೆ. ಮಗು ಮನೆಗೆ ಬಂದ ಕೂಡಲೇ ಎಷ್ಟನೆಯ ಸ್ಥಾನ ಎಂದು ಕೇಳುವ ಬದಲು ಯಾವ ಪದ ಚೆನ್ನಾಗಿ ಬಂತು ಎಂದು ಕೇಳಿದರೆ ಏನೂ ನಷ್ಟವಿಲ್ಲ. ಸಭಿಕರು ಕೂಡ ಮಕ್ಕಳ ಕೂಟದ ಹೊತ್ತಿಗೆ ಚಾ ಕುಡಿಯುವುದನ್ನು ಮುಂಚೆಯೇ ಮುಗಿಸಿ ಮುಂದೆ ಬಂದು ಕುಳಿತುಕೊಳ್ಳಬೇಕೆಂದು ಸಮಿತಿಯ ಪರವಾಗಿ ವಿನಂತಿ. ದೊಡ್ಡ ಮೇಳದ ಆಟಕ್ಕೆ ಕುರ್ಚಿ ಸಾಲದಾಗುತ್ತದೆ, ಮಕ್ಕಳ ಕೂಟಕ್ಕೆ ಕುರ್ಚಿಯೇ ಪ್ರೇಕ್ಷಕರು.

ಈ ಬಾರಿ ಜಾತ್ರೆಯ ಎರಡನೆಯ ದಿನ ಸಂಜೆ ಆರರಿಂದ ಎಂಟರವರೆಗೆ ಮಕ್ಕಳ ತಾಳಮದ್ದಳೆ ಇದೆ. ಗುರುಗಳು ಬೇಕೆಂದೇ ಅದೇ ವಾಲಿಮೋಕ್ಷವನ್ನು ಇಟ್ಟಿದ್ದಾರೆ. ರಿಪೇರಿಗೆ ಹೋದ ಮದ್ದಳೆ ಬಂದಿದೆ. ವಾಲಿ, ಸುಗ್ರೀವ, ಶ್ರೀರಾಮ ಮೂರು ಅರ್ಥಕ್ಕೂ ಹೆಸರು ಬರೆದಾಗಿದೆ. ಕಳೆದ ವಾರ ಆ ಹುಡುಗಿ ಅಜ್ಜಿಯ ಜೊತೆ ದೀಪಾರಾಧನೆಗೆ ಬಂದಿದ್ದಳು. ಪ್ರಸಾದ ತೆಗೆದುಕೊಂಡ ಮೇಲೆ ಭಜನಾ ಮಂದಿರದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಒಳಗಿನ ಪದ ಕೇಳಿ ಹೋದಳೆಂದು ನೋಡಿದವರು ಹೇಳಿದ್ದಾರೆ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವುದು ಬರುವ ಶುಕ್ರವಾರ. ತಾರೆಯ ಅರ್ಥದ ಮುಂದೆ ಜಾಗ ಖಾಲಿ ಬಿಟ್ಟಿದೆ.